ಎಂಸಿಸಿ950: ಹತ್ತು ನ್ಯಾನೋಮೋಲಾರ್ ಸಾಕಾಗುವಲ್ಲಿ ಹತ್ತು ಮೈಕ್ರೋಮೋಲಾರ್ ಏಕೆ?

ಮೈಕ್ರೋಗ್ಲಿಯಾ, ಅಂದರೆ ಮೆದುಳಿನ ರೋಗನಿರೋಧಕ ಕೋಶ, ಬೆಳೆಸುವ ಲ್ಯಾಬುಗಳಲ್ಲಿ ಎಂಸಿಸಿ950 ಈಗ ಎಲ್‌ಪಿಎಸ್‌ನಷ್ಟೇ (ಉರಿಯೂತ ಎಬ್ಬಿಸುವ ಬ್ಯಾಕ್ಟೀರಿಯಾದ ಹೊರಪೊರೆಯ ಅಣು) ಸಾಮಾನ್ಯ ವಸ್ತು. ಬಿಳಿ ಪುಡಿ, ನೀರಿನಲ್ಲೇ ಕರಗುತ್ತದೆ, ಮಾರುವ ಕಂಪನಿಗಳಿಗೂ ಬರವಿಲ್ಲ. ಉರಿಯೂತಕ್ಕೆ ಚಾಲನೆ ಕೊಡುವ ಎನ್‌ಎಲ್‌ಆರ್‌ಪಿ3 ಎಂಬ ಗ್ರಾಹಕವನ್ನು ತಡೆಯುವುದು ಇದರ ಕೆಲಸ. ಪ್ಲೇಟಿನಲ್ಲಿ ಬೆಳೆದ ಕೋಶಗಳ ಮಟ್ಟಿಗೆ ಆ ಕೆಲಸವನ್ನು ಇದು ಅಚ್ಚುಕಟ್ಟಾಗಿ ಮಾಡುತ್ತದೆ. ಇಲಿಗೆ ಚುಚ್ಚಿ ‘ಮೆದುಳಿನ ಎನ್‌ಎಲ್‌ಆರ್‌ಪಿ3 ತಡೆದೆವು’ ಎಂದು ಬರೆಯುವುದಾದರೆ ಮಾತ್ರ ಪುರಾವೆ ಬೇರೆಯೇ ಬೇಕು. ನಮ್ಮ ತಕರಾರು ಪುಡಿಯ ಮೇಲಲ್ಲ, ಅದನ್ನು ಸುರಿಯುವ ಪ್ರಮಾಣದ ಮೇಲೆ. ಹತ್ತು ನ್ಯಾನೋಮೋಲಾರ್‌ನ (ದ್ರಾವಣದ ಸಾಂದ್ರತೆಯ ಅಳತೆ; ಸಾವಿರ ನ್ಯಾನೋ ಸೇರಿದರೆ ಒಂದು ಮೈಕ್ರೋ) ಆಸುಪಾಸಿನಲ್ಲಿ ಅರ್ಧ ಕೆಲಸ ಮುಗಿಸುವ ಅಣುವನ್ನು ಸಾವಿರ ಪಟ್ಟು ಹಾಕಿ, ಬಂದ ಫಲಿತಾಂಶಕ್ಕೆಲ್ಲ ಎನ್‌ಎಲ್‌ಆರ್‌ಪಿ3ಯೇ ಕಾರಣ ಅನ್ನುವ ರೂಢಿ ಬೆಳೆದುಬಿಟ್ಟಿದೆ.

ವಿಷಯ ಗೊತ್ತಿದ್ದವರು ಈ ಪ್ಯಾರಾ ದಾಟಿ ಹೋಗಬಹುದು. ಸೋಂಕಾಗಲಿ, ಅಂಗಾಂಶಕ್ಕೆ ಬಿದ್ದ ಪೆಟ್ಟಾಗಲಿ, ಮೊದಲು ಗುರುತು ಹಿಡಿಯುವುವು ಸಹಜ ರೋಗನಿರೋಧಕ ಗ್ರಾಹಕಗಳು. ಟಿಎಲ್‌ಆರ್4 ಕೋಶದ ಹೊರಪೊರೆಯ ಮೇಲಿದ್ದು ಬ್ಯಾಕ್ಟೀರಿಯಾದ ಎಲ್‌ಪಿಎಸ್ ಅನ್ನು ಹಿಡಿಯುತ್ತದೆ. ಎನ್‌ಎಲ್‌ಆರ್‌ಪಿ3 ಇರುವುದು ಕೋಶದ ಒಳಗೆ. ಪೊಟ್ಯಾಸಿಯಂ ಹೊರಕ್ಕೆ ಸೋರಿದರೆ, ಲೈಸೋಸೋಮ್ ಒಡೆದರೆ ಅದು ಎಚ್ಚರಗೊಳ್ಳುತ್ತದೆ. ಕೆಲಸ ನಡೆಯುವುದು ಎರಡು ಹಂತದಲ್ಲಿ. ಮೊದಲು ಟಿಎಲ್‌ಆರ್4 ಕಡೆಯಿಂದ ಬಂದ ಸಂಕೇತದಿಂದ ಎನ್‌ಎಲ್‌ಆರ್‌ಪಿ3 ಮತ್ತು 31 ಕಿಲೋಡಾಲ್ಟನ್‌ನ ಪ್ರೋ-ಐಎಲ್-1 ಬೀಟಾ (ಉರಿಯೂತ ಹಬ್ಬಿಸುವ ಐಎಲ್-1 ಬೀಟಾ ಪ್ರೋಟೀನಿನ ಕತ್ತರಿಸದ ರೂಪ) ತಯಾರಾಗುತ್ತವೆ. ಆಮೇಲೆ ಎಟಿಪಿ, ನೈಜೆರಿಸಿನ್ ಅಥವಾ ಅಮೈಲಾಯ್ಡ್ ನಾರುಗಳಂಥದ್ದು ಎರಡನೆಯ ಸಂಕೇತ ಕೊಟ್ಟಾಗ ಎನ್‌ಎಲ್‌ಆರ್‌ಪಿ3 ಅಣುಗಳು ಒಟ್ಟುಗೂಡಿ, ಎಎಸ್‌ಸಿ ಎಂಬ ಪ್ರೋಟೀನನ್ನು ಸೇರಿಸಿಕೊಂಡು, ಕ್ಯಾಸ್ಪೇಸ್-1 ಅನ್ನು ಚುರುಕುಗೊಳಿಸುತ್ತವೆ. ಈ ಗುಂಪಿಗೇ ಇನ್‌ಫ್ಲಮಸೋಮ್ ಎಂದು ಹೆಸರು. ಕ್ಯಾಸ್ಪೇಸ್-1 ಪ್ರೋ ರೂಪವನ್ನು 17 ಕಿಲೋಡಾಲ್ಟನ್‌ಗೆ ಕತ್ತರಿಸುತ್ತದೆ. ಗ್ಯಾಸ್ಡರ್ಮಿನ್ ಡಿ ಪೊರೆಗೆ ತೂತು ಕೊರೆಯುತ್ತದೆ. ಐಎಲ್-1 ಬೀಟಾ ಹೊರಬರುತ್ತದೆ, ಹಲವು ಸಲ ಕೋಶವೇ ಸಾಯುತ್ತದೆ.

ಮೆದುಳಿನ ಕಾಯಿಲೆಗೂ ಇದಕ್ಕೂ ನಂಟು ಬೆಸೆದದ್ದು 2008ರಲ್ಲಿ. ಮೈಕ್ರೋಗ್ಲಿಯಾ ನುಂಗಿದ ಅಮೈಲಾಯ್ಡ್ ಬೀಟಾ ನಾರುಗಳು ಲೈಸೋಸೋಮ್ ಒಡೆದು ಎನ್‌ಎಲ್‌ಆರ್‌ಪಿ3 ಎಬ್ಬಿಸುತ್ತವೆ ಎಂದು ಆಗ ತೋರಿಸಲಾಯಿತು. 2013ರಲ್ಲಿ ಆಲ್ಝೈಮರ್ ಮಾದರಿಯ ಎಪಿಪಿ/ಪಿಎಸ್1 ಇಲಿಗಳಲ್ಲಿ ಎನ್‌ಎಲ್‌ಆರ್‌ಪಿ3 ಜೀನ್ ತೆಗೆದಾಗ ನೆನಪಿನ ಶಕ್ತಿ ಉಳಿಯಿತು, ಅಮೈಲಾಯ್ಡ್ ಕಡಿಮೆಯಾಯಿತು. 2017ರಲ್ಲಿ ಕೋಶದಿಂದ ಹೊರಬಿದ್ದ ಎಎಸ್‌ಸಿ ಚುಕ್ಕೆಗಳೇ (ಎಎಸ್‌ಸಿ ಅಣುಗಳ ಮುದ್ದೆ) ಅಮೈಲಾಯ್ಡ್ ಗಂಟುಕಟ್ಟಲು ಬೀಜವಾಗುತ್ತವೆ ಎಂದು ಗೊತ್ತಾಯಿತು. 2019ರಲ್ಲಿ ಆಲ್ಝೈಮರ್‌ನಲ್ಲಿ ಗಂಟುಕಟ್ಟುವ ಇನ್ನೊಂದು ಪ್ರೋಟೀನ್ ಟೌ ಸರದಿ, ಅದಕ್ಕೂ ಇದೇ ನಂಟು ಕಂಡಿತು. ಜೀನ್ ತೆಗೆದ ಇಲಿ ಎಲ್ಲರಿಗೂ ಸಿಗುವುದಿಲ್ಲ, ಪುಡಿ ಸಿಗುತ್ತದೆ. ಎಂಸಿಸಿ950 ಇಷ್ಟು ಜನಪ್ರಿಯವಾದದ್ದು ಹಾಗೆ.

ಕೊಳ್ಳುವಾಗ ಮೊದಲ ಗೊಂದಲ ಹೆಸರಿನದು. ಎಂಸಿಸಿ950, ಸಿಆರ್‌ಐಡಿ3, ಸಿಪಿ-456,773 ಮೂರೂ ಒಂದೇ ಅಣು. ಮೂಲದಲ್ಲಿ ಇದು ಫೈಜರ್ ಕಂಪನಿಯದು. ಸಕ್ಕರೆ ಕಾಯಿಲೆಗೆ ಕೊಡುವ ಗ್ಲಿಬೆನ್‌ಕ್ಲಮೈಡ್ ಐಎಲ್-1 ಬೀಟಾ ಬಿಡುಗಡೆಯನ್ನು ತಡೆಯುತ್ತದೆ ಎಂಬ ಸುಳಿವು ಹಿಡಿದು ರೂಪಿಸಿದ ಸಲ್ಫೋನಿಲ್‌ಯೂರಿಯಾ. ಅದು ತಡೆಯುವುದು ಎನ್‌ಎಲ್‌ಆರ್‌ಪಿ3ಯನ್ನೇ ಎಂದು ಬೆಳಕಿಗೆ ಬಂದದ್ದು 2015ರಲ್ಲಿ. ಕೆಟಲಾಗಿನಲ್ಲಿ ಹೆಸರು ನೋಡಬೇಡಿ, ರಾಸಾಯನಿಕಕ್ಕೊಂದರಂತೆ ಕೊಡುವ ಸಿಎಎಸ್ ಸಂಖ್ಯೆ ನೋಡಿ. ಸೋಡಿಯಂ ಲವಣ 256373-96-3, ಅಣುತೂಕ 426.46. ಲವಣವಲ್ಲದ ಆಮ್ಲ ರೂಪ 210826-40-7, ಅಣುತೂಕ 404.48. ಬೇಕಾದದ್ದು ಸೋಡಿಯಂ ಲವಣ. ತೂಕದ ವ್ಯತ್ಯಾಸ ಶೇ. 5ರಷ್ಟೇ, ಅದರಿಂದ ಲೆಕ್ಕ ಅಷ್ಟೇನೂ ಕೆಡದು. ತೊಂದರೆ ಕರಗುವಿಕೆಯದು: ಆಮ್ಲ ರೂಪಕ್ಕೆ ಡಿಎಂಎಸ್‌ಒ ಎಂಬ ದ್ರಾವಕ ಬೇಕು, ಆ ಡಿಎಂಎಸ್‌ಒ ಹೆಚ್ಚಾದರೆ ಅದೇ ಇನ್‌ಫ್ಲಮಸೋಮನ್ನು ಕುಗ್ಗಿಸುತ್ತದೆ. ಔಷಧಿಯ ಪರಿಣಾಮವೋ ದ್ರಾವಕದ ಪರಿಣಾಮವೋ ಎಂದು ಆಮೇಲೆ ತಲೆ ಕೆರೆದುಕೊಳ್ಳುವ ಬದಲು ನೀರಿನಲ್ಲಿ ಕರಗುವುದನ್ನೇ ತರಿಸಿ. ಆಮ್ಲ ರೂಪವೇ ಕೈಯಲ್ಲಿದ್ದರೆ ಅಂತಿಮ ಡಿಎಂಎಸ್‌ಒ ಶೇ. 0.1 ದಾಟದಿರಲಿ, ಔಷಧಿ ಹಾಕದ ಕಂಟ್ರೋಲ್ ವೆಲ್‌ಗಳಿಗೂ (ಪ್ಲೇಟಿನ ಗುಳಿಗಳು) ಅಷ್ಟೇ ಹಾಕಿ.

1 ಮಿ.ಗ್ರಾಂ. ಸೋಡಿಯಂ ಲವಣಕ್ಕೆ 234 ಮೈಕ್ರೋಲೀಟರ್ ಸ್ಟೆರೈಲ್ ನೀರು ಹಾಕಿದರೆ 10 ಮಿಲಿಮೋಲಾರ್ ಸ್ಟಾಕ್. ವಯಲ್ ತೆರೆಯುವ ಮೊದಲು ಸೆಂಟ್ರಿಫ್ಯೂಜಿನಲ್ಲಿ ಒಮ್ಮೆ ತಿರುಗಿಸಿ. ಮಿಲಿಗ್ರಾಂ ಲೆಕ್ಕದ ಪುಡಿ ಮುಚ್ಚಳಕ್ಕೆ ಅಂಟಿಕೊಂಡಿದ್ದರೆ ಸ್ಟಾಕಿನ ಲೆಕ್ಕ ಅಲ್ಲೇ ತಪ್ಪುತ್ತದೆ. ನೀರು ಎಂಡೋಟಾಕ್ಸಿನ್ (ಅಂದರೆ ಎಲ್‌ಪಿಎಸ್) ಇಲ್ಲದ್ದಾಗಿರಬೇಕು, ಆಟೋಕ್ಲೇವ್ ಮಾಡಿದ್ದು ಸಾಲದು. ಆಟೋಕ್ಲೇವ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಎಲ್‌ಪಿಎಸ್ ಅಲ್ಲೇ ಉಳಿಯುತ್ತದೆ. 20 ಮೈಕ್ರೋಲೀಟರಿನ ಪುಟ್ಟ ಪಾಲುಗಳಾಗಿ ಮಾಡಿ ಮೈನಸ್ 20 ಅಥವಾ 80 ಡಿಗ್ರಿಯಲ್ಲಿಡಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ನ್ಯಾನೋಮೋಲಾರ್ ದುರ್ಬಲ ದ್ರಾವಣಗಳು ಆಯಾ ದಿನದವೇ ಆಗಲಿ.

ಈಗ ಪ್ರಮಾಣದ ಮಾತು. 2015ರ ಪ್ರಬಂಧದಲ್ಲಿ ಇಲಿಯ ಎಲುಬುಮಜ್ಜೆಯ ಮ್ಯಾಕ್ರೋಫೇಜ್‌ಗಳಲ್ಲಿ (ಸೋಂಕನ್ನು ನುಂಗುವ ಕೋಶಗಳು) ಅರ್ಧ ತಡೆಗೆ ಬೇಕಾದದ್ದು 7.5 ನ್ಯಾನೋಮೋಲಾರ್, ಮನುಷ್ಯರ ರಕ್ತದ ಮೊನೋಸೈಟ್‌ಗಳಿಂದ ಬೆಳೆಸಿದ ಮ್ಯಾಕ್ರೋಫೇಜ್‌ಗಳಲ್ಲಿ 8.1. ಹಾಗಿದ್ದ ಮೇಲೆ 100 ನ್ಯಾನೋಮೋಲಾರ್‌ನಲ್ಲಿ ಪೂರ್ತಿ ತಡೆ ಸಿಗಬೇಕು. ಮೀಡಿಯಂನಲ್ಲಿ ಶೇ. 10 ಸೀರಂ ಇದ್ದರೆ ಅದರ ಪ್ರೋಟೀನುಗಳು ಔಷಧಿಯ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುತ್ತವೆ, ಆಗ 300ರಿಂದ 1000ದವರೆಗೆ ಏರಿಸಿದರೆ ಅರ್ಥವಿದೆ. 10 ಮೈಕ್ರೋಮೋಲಾರ್‌ಗೆ ಅರ್ಥವಿಲ್ಲ. ಮೊದಲ ಪ್ರಯೋಗದಲ್ಲೇ 1, 3, 10, 30, 100, 300, 1000 ನ್ಯಾನೋಮೋಲಾರ್ ಹಾಕಿ ವಕ್ರರೇಖೆ ಎಳೆಯಿರಿ. ಅದರ ನಡುಬಿಂದು ಒಂದು ಮೈಕ್ರೋಮೋಲಾರ್ ಹತ್ತಿರ ಬಿದ್ದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ: ಸ್ಟಾಕ್ ಹಳಸಿದೆ, ಸೀರಂ ಜಾಸ್ತಿಯಾಗಿದೆ, ಔಷಧಿ ತಡವಾಗಿ ಹಾಕಿದ್ದೀರಿ, ಇಲ್ಲವೇ ನಿಮ್ಮ ಐಎಲ್-1 ಬೀಟಾ ಎನ್‌ಎಲ್‌ಆರ್‌ಪಿ3 ದಾರಿಯಿಂದ ಬರುತ್ತಿಲ್ಲ.

ತಡವಾಗಿ ಹಾಕುವುದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಎಂಸಿಸಿ950 ಕೂರುವುದು ಎನ್‌ಎಲ್‌ಆರ್‌ಪಿ3ಯ ನಡುವಿನ ನ್ಯಾಕ್ಟ್ ಭಾಗದಲ್ಲಿ. 2019ರ ಜೀವರಾಸಾಯನಿಕ ಕೆಲಸಗಳು, ಆಮೇಲೆ ಬಂದ ಕ್ರಿಸ್ಟಲ್ ಮತ್ತು ಕ್ರಯೋ-ಇಎಂ ಚಿತ್ರಗಳು ಇದನ್ನು ಸ್ಪಷ್ಟಪಡಿಸಿವೆ. ಅಲ್ಲಿ ಕೂತು ಅದು ಗ್ರಾಹಕವನ್ನು ಮಲಗಿದ ಸ್ಥಿತಿಯಲ್ಲೇ ಬಿಗಿದಿಡುತ್ತದೆ. ಬಾಗಿಲು ತೆರೆಯುವ ಮೊದಲೇ ಚಿಲಕ ಹಾಕಬೇಕು. ಎಎಸ್‌ಸಿ ಚುಕ್ಕೆ ಕಟ್ಟಿದ ಮೇಲೆ ಎಷ್ಟು ಸುರಿದರೂ ಅದನ್ನು ಬಿಡಿಸಲಾಗದು.

ಆದ್ದರಿಂದ ಕ್ರಮ ಹೀಗಿರಲಿ. ಹುಟ್ಟಿದ ಮೂರು ದಿನದೊಳಗಿನ ಇಲಿಮರಿಗಳ ಮೆದುಳಿನಿಂದ ಮಿಶ್ರ ಗ್ಲಿಯಾ ಬೆಳೆಸಿ, 10ರಿಂದ 14 ದಿನಕ್ಕೆ ಫ್ಲಾಸ್ಕ್ ಅಲುಗಾಡಿಸಿ ಮೈಕ್ರೋಗ್ಲಿಯಾ ಬಿಡಿಸಿಕೊಳ್ಳಿ. 96 ವೆಲ್ ಪ್ಲೇಟಿನಲ್ಲಿ ವೆಲ್‌ಗೆ 50,000ದಿಂದ 1,00,000 ಕೋಶ. ರಾತ್ರಿಯಿಡೀ ಕೂರಲು ಬಿಡಿ. ಮರುದಿನ ಎಲ್‌ಪಿಎಸ್ ಮಿ.ಲೀ.ಗೆ 100 ನ್ಯಾನೋಗ್ರಾಂನಂತೆ 3 ಗಂಟೆ. ಮೀಡಿಯಂ ತೆಗೆದು ಸೀರಂ ಇಲ್ಲದ ಹೊಸದನ್ನು 80 ಮೈಕ್ರೋಲೀಟರ್ ಹಾಕಿ. ಹತ್ತು ಪಟ್ಟು ಗಟ್ಟಿಯಾಗಿ ಮಾಡಿಟ್ಟುಕೊಂಡ ಎಂಸಿಸಿ950 10 ಮೈಕ್ರೋಲೀಟರ್ ಸೇರಿಸಿ 30 ನಿಮಿಷ ಬಿಡಿ. ಆಮೇಲೆ ಹತ್ತು ಪಟ್ಟು ಗಟ್ಟಿಯಾದ ನೈಜೆರಿಸಿನ್ 10 ಮೈಕ್ರೋಲೀಟರ್. ವೆಲ್ಲಿನಲ್ಲಿ ಅದು 5ರಿಂದ 10 ಮೈಕ್ರೋಮೋಲಾರ್ ಆಗಬೇಕು, ಒಂದು ಗಂಟೆ ಸಾಕು. ಎಟಿಪಿ ಬಳಸುವವರಿಗೆ 5 ಮಿಲಿಮೋಲಾರ್, 30ರಿಂದ 60 ನಿಮಿಷ. ಎಟಿಪಿಯ ಸೋಡಿಯಂ ಲವಣ ನೀರಿನಲ್ಲಿ ಕರಗಿದಾಗ ಆಮ್ಲೀಯ. ಸ್ಟಾಕನ್ನು ಸೋಡಿಯಂ ಹೈಡ್ರಾಕ್ಸೈಡಿನಿಂದ ಪಿಎಚ್ 7.4ಕ್ಕೆ ತಂದಿರದಿದ್ದರೆ ಮೀಡಿಯಂ ಹಳದಿಗೆ ತಿರುಗುತ್ತದೆ, ಕೋಶ ಸಾಯುವುದು ಆಮ್ಲದಿಂದ. ಅಂಥ ಸಾವನ್ನು ಎಂಸಿಸಿ950 ತಡೆಯಲಿಲ್ಲ ಎಂದು ಅದರ ಮೇಲೆ ತಪ್ಪು ಹೊರಿಸಿದರೆ ಏನು ಮಾಡುವುದು. ಕೊನೆಗೆ ಪ್ಲೇಟನ್ನು 400 ಜಿ ವೇಗದಲ್ಲಿ 5 ನಿಮಿಷ ತಿರುಗಿಸಿ ಮೇಲಿನ ದ್ರವ ತೆಗೆದುಕೊಳ್ಳಿ. ತಿರುಗಿಸದೆ ತೆಗೆದರೆ ಮೇಲೆದ್ದ ಸತ್ತ ಕೋಶಗಳ ಪ್ರೋ-ಐಎಲ್-1 ಬೀಟಾ ಕೂಡ ಎಲೈಸಾಗೆ (ಪ್ರೋಟೀನಿನ ಪ್ರಮಾಣ ಅಳೆಯುವ ಪರೀಕ್ಷೆ) ಸೇರಿಕೊಳ್ಳುತ್ತದೆ.

ಒಂದೇ ದ್ರವದಲ್ಲಿ ಮೂರನ್ನು ಅಳೆಯಿರಿ: ಐಎಲ್-1 ಬೀಟಾ, ಉರಿಯೂತದ ಇನ್ನೊಂದು ಪ್ರೋಟೀನ್ ಟಿಎನ್‌ಎಫ್, ಕೋಶ ಸತ್ತಾಗ ಸೋರುವ ಕಿಣ್ವ ಎಲ್‌ಡಿಎಚ್. ಈ ಅಣುವಿನ ದೊಡ್ಡ ಗುಣ ಎಂದರೆ ಟಿಎನ್‌ಎಫ್ ತಂಟೆಗೆ ಹೋಗದಿರುವುದು, ಏಕೆಂದರೆ ಟಿಎಲ್‌ಆರ್4 ಕಡೆಯ ಮೊದಲ ಹಂತವನ್ನು ಅದು ಮುಟ್ಟುವುದಿಲ್ಲ. ಪೊಟ್ಯಾಸಿಯಂ ಸೋರಿಕೆಯನ್ನೂ ತಡೆಯುವುದಿಲ್ಲ. ಐಎಲ್-1 ಬೀಟಾ ಇಳಿದು ಟಿಎನ್‌ಎಫ್ ಹಾಗೇ ಉಳಿದರೆ ಪ್ರಯೋಗ ಸರಿ. ಎರಡೂ ಇಳಿದರೆ ಪ್ರಮಾಣ ಮಿತಿ ಮೀರಿದೆ ಅಥವಾ ಕೋಶಗಳು ಔಷಧಿ ಹಾಕುವ ಮೊದಲೇ ಕೆಟ್ಟಿವೆ. ಐಎಲ್-1 ಬೀಟಾ ಇಳಿದು ಎಲ್‌ಡಿಎಚ್ ಮಾತ್ರ ಮೇಲೇ ಇದ್ದರೆ ನೈಜೆರಿಸಿನ್ ಹೆಚ್ಚು ಹೊತ್ತು ಇಟ್ಟಿರಬಹುದು. ಅದು ಇನ್‌ಫ್ಲಮಸೋಮ್ ಇಲ್ಲದೆಯೂ ಕೊಲ್ಲಬಲ್ಲದು. ಎಲೈಸಾ ಒಂದನ್ನೇ ನಂಬಬೇಡಿ, ಪ್ರೋ ರೂಪವನ್ನೂ ಹಿಡಿಯುವ ಕಿಟ್‌ಗಳಿವೆ. 17 ಕಿಲೋಡಾಲ್ಟನ್ ಪಟ್ಟಿ ಮಾಯವಾಗಿ ಕೋಶದೊಳಗೆ 31ರ ಪಟ್ಟಿ ಉಳಿದಿದೆ ಎಂದು ಪ್ರೋಟೀನನ್ನು ಗಾತ್ರದ ಪ್ರಕಾರ ಬಿಡಿಸಿ ತೋರಿಸುವ ವೆಸ್ಟರ್ನ್ ಬ್ಲಾಟ್ ತೋರಿಸಿದರೆ ಮಾತು ಗಟ್ಟಿ.

ಕೋಶದ ಆಯ್ಕೆಯಲ್ಲೂ ಎಡವುವವರಿದ್ದಾರೆ. ರಾ 264.7 ಮ್ಯಾಕ್ರೋಫೇಜ್‌ಗಳಲ್ಲಿ ಎಎಸ್‌ಸಿಯೇ ಇಲ್ಲ. ಅಲ್ಲಿ ಎನ್‌ಎಲ್‌ಆರ್‌ಪಿ3 ಇನ್‌ಫ್ಲಮಸೋಮ್ ಕಟ್ಟುವುದೇ ಇಲ್ಲವೆಂದ ಮೇಲೆ ಅದನ್ನು ತಡೆದೆವು ಅನ್ನುವ ಗ್ರಾಫಿಗೆ ಏನು ಬೆಲೆ? ಬಿವಿ2 ಎಂಬ ಮೈಕ್ರೋಗ್ಲಿಯಾ ಕೋಶಸಾಲು ಸುಲಭವಾಗಿ ಬೆಳೆಯುತ್ತದೆ ಎಂದು ಎಲ್ಲರೂ ಅದನ್ನೇ ಹಿಡಿಯುತ್ತಾರೆ. ಕತ್ತರಿಸಿದ ಐಎಲ್-1 ಬೀಟಾ ಅದರಿಂದ ನಿಜಕ್ಕೂ ಬರುತ್ತದೆಯೇ ಎಂದು ವೆಸ್ಟರ್ನ್‌ನಲ್ಲಿ ನೋಡಿಕೊಂಡು ಆಮೇಲೆ ಪುಡಿಗೆ ದುಡ್ಡು ಹಾಕಿ. ಮನುಷ್ಯರ ಕೋಶ ಬೇಕೆಂದರೆ ಪಿಎಂಎ ಎಂಬ ರಾಸಾಯನಿಕ ಕೊಟ್ಟು ಮ್ಯಾಕ್ರೋಫೇಜ್‌ನಂತಾಗಿಸಿದ ಟಿಎಚ್‌ಪಿ-1 ಕೋಶಸಾಲು ಪರವಾಗಿಲ್ಲ, ಅದು ಮೈಕ್ರೋಗ್ಲಿಯಾ ಅಲ್ಲ ಅನ್ನುವುದು ನೆನಪಿದ್ದರೆ.

ಔಷಧಿ ಎನ್‌ಎಲ್‌ಆರ್‌ಪಿ3ಯನ್ನಷ್ಟೇ ತಡೆಯುತ್ತಿದೆ ಎಂದು ತೋರಿಸಲು ಎಐಎಂ2 ಎಂಬ ಬೇರೆ ಗ್ರಾಹಕವನ್ನು ಎಬ್ಬಿಸುವ ಡಿಎನ್‌ಎಯನ್ನು ಕೋಶದೊಳಕ್ಕೆ ಸೇರಿಸುವ ಕಂಟ್ರೋಲ್ ರೂಢಿಯಲ್ಲಿದೆ. ಇಲಿಯ ಕೋಶದಲ್ಲಿ ಅದನ್ನು ಎಂಸಿಸಿ950 ತಡೆಯಬಾರದು. ಆದರೆ ಮನುಷ್ಯರ ಮೊನೋಸೈಟ್‌ಗಳಲ್ಲಿ ಇದೇ ಕಂಟ್ರೋಲ್ ಕೈಕೊಡುತ್ತದೆ. ಅಲ್ಲಿ ಡಿಎನ್‌ಎಯ ಸುದ್ದಿ ಸಿಗ್ಯಾಸ್ ಮತ್ತು ಸ್ಟಿಂಗ್ ಎಂಬ ಪ್ರೋಟೀನುಗಳ ಮೂಲಕ ಸುತ್ತಿ ಬಂದು ಎನ್‌ಎಲ್‌ಆರ್‌ಪಿ3ಯನ್ನೇ ತಲುಪುತ್ತದೆ, ಎಂಸಿಸಿ950 ಅದನ್ನೂ ತಡೆಯುತ್ತದೆ. ಅದನ್ನು ನೋಡಿ ಪುಡಿ ಕಲಬೆರಕೆ ಎಂದು ಮಾರಿದವರಿಗೆ ಮೇಲ್ ಬರೆಯಬೇಡಿ. ಮನುಷ್ಯರ ಕೋಶಕ್ಕೆ ಎನ್‌ಎಲ್‌ಆರ್‌ಸಿ4 ಎಂಬ ಮತ್ತೊಂದು ಗ್ರಾಹಕವನ್ನು ಎಬ್ಬಿಸುವ ಫ್ಲಾಜೆಲಿನ್ (ಬ್ಯಾಕ್ಟೀರಿಯಾದ ಬಾಲದ ಪ್ರೋಟೀನ್) ವಿಧಾನ ಮೇಲು.

ಎರಡನೆಯ ಸಂಕೇತಕ್ಕೆ ಅಮೈಲಾಯ್ಡ್ ಅಥವಾ ಪಾರ್ಕಿನ್ಸನ್‌ನಲ್ಲಿ ಗಂಟುಕಟ್ಟುವ ಆಲ್ಫಾ-ಸಿನ್ಯೂಕ್ಲೀನ್ ಬಳಸುವವರ ಕಷ್ಟ ಬೇರೆ. ಸಿನ್ಯೂಕ್ಲೀನ್ ತಯಾರಾಗುವುದು ಸಾಮಾನ್ಯವಾಗಿ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ, ಜೊತೆಗೆ ಎಲ್‌ಪಿಎಸ್ ಬಂದೇ ಬರುತ್ತದೆ. ಒಂದು ಎಂಡೋಟಾಕ್ಸಿನ್ ಯೂನಿಟ್ ಎಂದರೆ ಸುಮಾರು 0.1 ನ್ಯಾನೋಗ್ರಾಂ ಎಲ್‌ಪಿಎಸ್. ಮೈಕ್ರೋಗ್ರಾಂಗೆ ಒಂದು ಯೂನಿಟ್ ಇರುವ ಪ್ರೋಟೀನನ್ನು 7 ಮೈಕ್ರೋಮೋಲಾರ್, ಅಂದರೆ ಮಿ.ಲೀ.ಗೆ 100 ಮೈಕ್ರೋಗ್ರಾಂ ಹಾಕಿದರೆ ಮಿ.ಲೀ.ಗೆ 10 ನ್ಯಾನೋಗ್ರಾಂ ಎಲ್‌ಪಿಎಸ್ ಹಾಕಿದ ಹಾಗಾಯಿತು. ಮೊದಲ ಹಂತಕ್ಕೆ ಅಷ್ಟು ಧಾರಾಳ ಸಾಕು. ಆಗ ‘ಸಿನ್ಯೂಕ್ಲೀನ್ ಒಂದೇ ಎರಡೂ ಸಂಕೇತ ಕೊಡುತ್ತದೆ’ ಎಂಬ ಸಂಶೋಧನೆ ಹುಟ್ಟಿಕೊಳ್ಳುತ್ತದೆ! ಎಂಸಿಸಿ950 ಈ ಮೋಸವನ್ನು ಬಯಲು ಮಾಡುವುದಿಲ್ಲ. ಎಂಡೋಟಾಕ್ಸಿನ್ ಅಳೆಯುವ ಎಲ್‌ಎಎಲ್ ಪರೀಕ್ಷೆ, ಎಲ್‌ಪಿಎಸ್ ಹಿಡಿದುಕೊಳ್ಳುವ ಪಾಲಿಮಿಕ್ಸಿನ್ ಬಿ ಹಾಕಿದ ವೆಲ್, ಟಿಎಲ್‌ಆರ್4 ತಡೆಯುವ ಟಿಎಕೆ-242 ಹಾಕಿದ ವೆಲ್ ಬೇಕು. ನಾರುಗಳ ಪರಿಣಾಮ ನೈಜೆರಿಸಿನ್‌ನಂತೆ ಗಂಟೆಯಲ್ಲಿ ಕಾಣುವುದಿಲ್ಲ, ದಿನವಿಡೀ ಹಿಡಿಯಬಹುದು. ಅಷ್ಟು ಹೊತ್ತು ಸೀರಂ ಇಲ್ಲದೆ ಇಡುವ ಕೋಶ ತನ್ನಷ್ಟಕ್ಕೇ ಸೊರಗುತ್ತದೆ; ಶೇ. 1 ಸೀರಂ ಇಟ್ಟು, ಔಷಧಿಯನ್ನು 300 ನ್ಯಾನೋಮೋಲಾರ್‌ಗೆ ಏರಿಸುವುದು ಒಪ್ಪುವ ರಾಜಿ.

ಹೆಚ್ಚು ಹಾಕಿದರೆ ಆಗುವ ನಷ್ಟವೇನು? 2021ರಲ್ಲಿ ಕಾರ್ಬೋನಿಕ್ ಅನ್‌ಹೈಡ್ರೇಸ್ 2 ಎಂಬ ಕಿಣ್ವಕ್ಕೂ ಎಂಸಿಸಿ950 ಅಂಟುತ್ತದೆ ಎಂದು ಪ್ರಕಟವಾಯಿತು. ಪಿಎಚ್ ನಿಭಾಯಿಸುವ ಕಿಣ್ವ ಅದು, ಮೆದುಳಿನ ಕೋಶಗಳಲ್ಲೂ ಇದೆ. ಮೈಕ್ರೋಮೋಲಾರ್‌ಗಳಲ್ಲಿ ಕ್ಲೋರೈಡ್ ಸಾಗಾಟಕ್ಕೂ ಅಡ್ಡಿಯಾಗುತ್ತದೆ. ಅತಿ ಕಟ್ಟುನಿಟ್ಟಿನ ಪರೀಕ್ಷೆ ಎಂದರೆ ಎನ್‌ಎಲ್‌ಆರ್‌ಪಿ3 ಜೀನ್ ಇಲ್ಲದ ಕೋಶಕ್ಕೆ ಅದೇ ಪ್ರಮಾಣ ಹಾಕಿ ನೋಡುವುದು. ಅಲ್ಲಿಯೂ ಪರಿಣಾಮ ಕಂಡರೆ ಅದು ಬೇರೆ ದಾರಿಯದು.

ಇಲಿಗೆ ಕೊಡುವ ವಿಚಾರದಲ್ಲಿ ಈ ಪುಡಿಗೆ ನಾವು ಕೊಡುವ ಅಂಕ ಕಡಿಮೆ. ಪ್ರಬಂಧಗಳಲ್ಲಿ ಕಾಣುವುದು ಹೆಚ್ಚಾಗಿ ಕೆ.ಜಿ.ಗೆ 10ರಿಂದ 20 ಮಿ.ಗ್ರಾಂ., ಹೊಟ್ಟೆಗೆ ಚುಚ್ಚಿ ಅಥವಾ ಬಾಯಿಯ ಮೂಲಕ. ಪಾರ್ಕಿನ್ಸನ್ ಮಾದರಿಯ ಇಲಿಗಳಲ್ಲಿ 2018ರಲ್ಲಿ ಬಾಯಿಯ ಮೂಲಕ ಕೊಟ್ಟು ಡೋಪಮೈನ್ ನರಕೋಶಗಳ ಸಾವು ತಗ್ಗಿದ್ದನ್ನು ತೋರಿಸಿದ್ದಾರೆ. ಅದೇ ಹೊತ್ತಿಗೆ, ವಿಕಿರಣ ಗುರುತು ಹಾಕಿದ ಎಂಸಿಸಿ950 ಬಳಸಿದ ಪಿಇಟಿ ಸ್ಕ್ಯಾನ್‌ಗಳಲ್ಲಿ ಮೆದುಳಿಗೆ ಹೋದದ್ದು ಅಲ್ಪ. ರಕ್ತ-ಮೆದುಳು ತಡೆಗೋಡೆ ಹರಿದಿರುವ ಪಾರ್ಶ್ವವಾಯು, ಮಲ್ಟಿಪಲ್ ಸ್ಕ್ಲೆರೋಸಿಸ್ ಮಾದರಿಗಳಲ್ಲಂತೂ ಹೊರಗಿನ ಮೊನೋಸೈಟ್‌ಗಳೇ ಒಳನುಗ್ಗಿರುತ್ತವೆ. ಔಷಧಿ ಅವನ್ನು ರಕ್ತದಲ್ಲೇ ಹಿಡಿದಿರಬಹುದು. ಹಾಗಾಗಿ ಇಲಿಯ ರಕ್ತವನ್ನು ಸಲೈನ್‌ನಿಂದ ತೊಳೆದು, ಮೆದುಳು ಮತ್ತು ಪ್ಲಾಸ್ಮಾ ಎರಡರಲ್ಲೂ ಔಷಧಿಯ ಮಟ್ಟವನ್ನು ಎಲ್‌ಸಿ-ಎಂಎಸ್ ಯಂತ್ರದಲ್ಲಿ (ಅಣುಗಳನ್ನು ಬೇರ್ಪಡಿಸಿ ತೂಗುವ ವಿಧಾನ) ಅಳೆಯದೆ ‘ಮೈಕ್ರೋಗ್ಲಿಯಾದ ಎನ್‌ಎಲ್‌ಆರ್‌ಪಿ3’ ಎಂದು ಬರೆಯಬಾರದು. ತೊಳೆಯದಿದ್ದರೆ ಮೆದುಳಿನ ರಕ್ತನಾಳಗಳಲ್ಲಿ ಉಳಿದ ರಕ್ತವೇ ಲೆಕ್ಕಕ್ಕೆ ಬರುತ್ತದೆ.

ಮನುಷ್ಯರಿಗೆ ಇದು ಔಷಧಿಯಲ್ಲ. ಸಂಧಿವಾತಕ್ಕೆಂದು ಫೈಜರ್ ನಡೆಸಿದ ಎರಡನೇ ಹಂತದ ಪ್ರಯೋಗ ಯಕೃತ್ತಿನ ಕಿಣ್ವಗಳು ಏರಿದ್ದರಿಂದ ನಿಂತುಹೋಯಿತು. ಅಣುವಿನಲ್ಲಿರುವ ಫ್ಯೂರಾನ್ ಉಂಗುರದ ಮೇಲೆ ಹಲವರ ಅನುಮಾನ. ಇಂಟರ್ನೆಟ್ಟಿನಲ್ಲಿ ‘ಮೆದುಳಿನ ಉರಿಯೂತಕ್ಕೆ’ ಎಂದು ಈ ಪುಡಿಯನ್ನು ತರಿಸಿಕೊಳ್ಳುವ ಯೋಚನೆ ಯಾರಿಗಾದರೂ ಬಂದರೆ ಅಲ್ಲಿಗೇ ಬಿಡಿ. ವಯಲ್ ಮೇಲಿನ ‘ಸಂಶೋಧನೆಗೆ ಮಾತ್ರ’ ಎಂಬ ಸಾಲು ಅಲಂಕಾರಕ್ಕಲ್ಲ.

ಮಂಡ್ಯ, ಕೋಲಾರ, ಬಳ್ಳಾರಿಗಳಿಗೆ ಪರಿಚಯವಿರುವ ಜಪಾನೀಸ್ ಎನ್ಸೆಫಲೈಟಿಸ್ ವೈರಸ್ ಕೂಡ ಮೈಕ್ರೋಗ್ಲಿಯಾದಲ್ಲಿ ಎನ್‌ಎಲ್‌ಆರ್‌ಪಿ3 ಎಬ್ಬಿಸುತ್ತದೆ ಎಂದು ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರದವರು ಇಲಿಗಳಲ್ಲಿ ತೋರಿಸಿದ್ದಾರೆ. ಅಲ್ಲಿ ಎಂಸಿಸಿ950 ಹಾಕುವವರು ಐಎಲ್-1 ಬೀಟಾ ಜೊತೆ ವೈರಸ್‌ನ ಪ್ರಮಾಣವನ್ನೂ ಅಳೆಯಬೇಕು. ಉರಿಯೂತ ಇಳಿದು ವೈರಸ್ ಏರಿದರೆ ಲಾಭ ಯಾರಿಗೆ?

ಪರ್ಯಾಯಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಅಗ್ಗ, ಆದರೆ 200 ಮೈಕ್ರೋಮೋಲಾರ್‌ವರೆಗೆ ಹಾಕಬೇಕಾಗುತ್ತದೆ, ಪೊಟ್ಯಾಸಿಯಂ ಚಾನೆಲ್‌ಗಳನ್ನೂ ಮುಚ್ಚುತ್ತದೆ. ಈಗ ಅದನ್ನು ಆರಿಸಲು ಕಾರಣವೇ ಇಲ್ಲ. ವಿಎಕ್ಸ್-765 ತಡೆಯುವುದು ಕ್ಯಾಸ್ಪೇಸ್-1 ಅನ್ನು, ಹಾಗಾಗಿ ಯಾವ ಗ್ರಾಹಕ ಎಂದು ಅದು ಹೇಳದು. ಎಂಸಿಸಿ950 ಪಕ್ಕದ ವೆಲ್‌ಗೆ ಒಳ್ಳೆಯ ಜೊತೆ. ಒಎಲ್‌ಟಿ1177 ಮನುಷ್ಯರಲ್ಲಿ ಪರೀಕ್ಷೆಯಾಗಿದೆ, ಆದರೆ ಇಷ್ಟು ಕಡಿಮೆ ಪ್ರಮಾಣಕ್ಕೆ ಬಗ್ಗುವುದಿಲ್ಲ. ಮೆದುಳಿಗೆ ಹೋಗುವಂತೆಯೇ ರೂಪಿಸಿದ ಎನ್‌ಟಿ-0796, ವಿಟಿಎಕ್ಸ್3232 ಪಾರ್ಕಿನ್ಸನ್ ರೋಗಿಗಳ ಸಣ್ಣ ಪ್ರಯೋಗಗಳವರೆಗೆ ಬಂದಿವೆ. ಇಲಿಯ ಮೆದುಳೇ ನಿಮ್ಮ ಪ್ರಶ್ನೆಯಾದರೆ ಅಂಥ ಅಣುಗಳತ್ತ ನೋಡಿ.

ಎಷ್ಟು ಕೊಳ್ಳಬೇಕು? ಪ್ಲೇಟಿನ ಕೆಲಸಕ್ಕೆ ಅತಿ ಚಿಕ್ಕ ಪ್ಯಾಕ್ ಸಾಕು. 100 ಮೈಕ್ರೋಲೀಟರ್ ವೆಲ್‌ನಲ್ಲಿ 100 ನ್ಯಾನೋಮೋಲಾರ್ ಎಂದರೆ 10 ಪಿಕೋಮೋಲ್, 1 ಮಿ.ಗ್ರಾಂ.ನಲ್ಲಿ 96 ವೆಲ್‌ನ 2,400 ಪ್ಲೇಟು ತುಂಬುತ್ತದೆ, ಯಾವ ಪಿಎಚ್‌ಡಿಗೂ ಅಷ್ಟು ಬೇಡ. 25 ಮಿ.ಗ್ರಾಂ. ತರಿಸಿ ವರ್ಷಗಟ್ಟಲೆ ತೆರೆದು ಮುಚ್ಚುವುದಕ್ಕಿಂತ 1 ಮಿ.ಗ್ರಾಂ. ಹೊಸದಾಗಿ ತರಿಸುವುದು ವಾಸಿ. ಇಲಿಯ ಲೆಕ್ಕ ಬೇರೆ: 25 ಗ್ರಾಂ ತೂಕದ ಇಲಿಗೆ ಕೆ.ಜಿ.ಗೆ 10 ಮಿ.ಗ್ರಾಂ.ನಂತೆ ಒಂದು ಸಲಕ್ಕೆ 0.25 ಮಿ.ಗ್ರಾಂ.; ಹತ್ತು ಇಲಿ, ವಾರಕ್ಕೆ ಮೂರು ಸಲ, ಹನ್ನೆರಡು ವಾರಕ್ಕೆ 90 ಮಿ.ಗ್ರಾಂ. ಸಿರಿಂಜಿನಲ್ಲಿ ಪೋಲಾಗುವುದನ್ನೂ ಸೇರಿಸಿ 110 ಬರೆಯಿರಿ. ಎಲ್ಲವೂ ಒಂದೇ ಬ್ಯಾಚ್ ಸಂಖ್ಯೆಯದೇ ಬರಲಿ ಎಂದು ಆರ್ಡರಿನಲ್ಲೇ ಬರೆದುಬಿಡಿ, ಪ್ರಾಣಿ ನೈತಿಕ ಸಮಿತಿಯ ಅನುಮತಿ ಕೈಗೆ ಬಂದ ಮೇಲೆ ಆರ್ಡರ್ ಹಾಕಿ. ಬಂದ ಪುಡಿಯನ್ನು ಇಲಿಗೆ ಕೊಡುವ ಮೊದಲು ಒಂದು ಪ್ಲೇಟಿನಲ್ಲಿ ಹತ್ತು ನ್ಯಾನೋಮೋಲಾರ್ ಆಸುಪಾಸಿನ ನಡುಬಿಂದು ಸಿಗುತ್ತದೆಯೇ ನೋಡಿ. ಸಿಗದಿದ್ದರೆ ಆ ಬ್ಯಾಚನ್ನು ವಾಪಸ್ ಕಳಿಸಿ.